ಗುಂಡಿಗೊಂದು ಗ್ರಹ

ಯಳವತ್ತಿಯಲ್ಲಿ ಒಂದು ಗುಂಡಿಗೆ ಒಂದು ಗ್ರಹ ಎಂದು ದರ ಕಟ್ಟಿದವಳು ತಬಸ್ಸುಮ. ಗುಂಡಿ ಅಂದರೆ ರಸ್ತೆಯದ್ದಲ್ಲ. ಆ ದರದಲ್ಲಿ ಹೋಗಿದ್ದರೆ ನಮ್ಮ ರಸ್ತೆಗೆ ಇಡೀ ಸೌರಮಂಡಲ ಸಾಲುತ್ತಿರಲಿಲ್ಲ. ಇದು ಅಂಗಿಯ ಗುಂಡಿ. ಶಾಲೆಗೆ ಹೊರಟ ಹುಡುಗರು ಬೆಳಿಗ್ಗೆ ಅವಳ ಮನೆಯ ಕಟ್ಟೆಯ ಮುಂದೆ ಎದೆ ತೆರೆದುಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಅವಳು ಹೊಲಿಗೆ ಮಷಿನ್ನಿನ ಖಾನೆಯಿಂದ ಒಂದು ಗುಂಡಿ ಹುಡುಕಿ, ಅಂಗಿ ಬಿಚ್ಚಿಸದೆ ಮೈಮೇಲೇ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿಯುತ್ತಲೇ ಕೈ ಚಾಚುತ್ತಿದ್ದಳು.

"ಯಾವ ಗ್ರಹ ತಂದೀಯಲೇ?"

"ಮಂಗಳ, ಅಕ್ಕಾ."

"ಮಂಗಳ ನನ್ನ ಕಡೆ ರಗಡ ಅದಾವು. ಬುಧ ಇಲ್ಲೇನು?"

"ಬುಧ ಕೊಟ್ರ ಎರಡು ಗುಂಡಿ ಹಚ್ಚಬೇಕು."

"ಹರದಿದ್ದ ಒಂದು. ಇನ್ನೊಂದು ಎಲ್ಲಿ ಹಚ್ಚಲಿ, ನಿನ್ನ ಬಾಯಿಗೆ?"

ಗದಗ ಆಗ ಹೊಸ ಜಿಲ್ಲೆ. ಧಾರವಾಡದಿಂದ ಬೇರೆಯಾಗಿ ಆರೇಳು ವರ್ಷ ಕಳೆದಿದ್ದರೂ ಹೊಸ ಮದುಮಗಳ ಹಾಗೆ ಇನ್ನೂ ಅರಿಷಿಣ ತೊಳೆದುಕೊಂಡಿರಲಿಲ್ಲ. ಏನು ಮಾಡಿದರೂ ಜಿಲ್ಲಾ ಮಟ್ಟದ್ದು: ಜಿಲ್ಲಾ ಮಟ್ಟದ ರಂಗೋಲಿ, ಜಿಲ್ಲಾ ಮಟ್ಟದ ಕಣ್ಣಿನ ತಪಾಸಣೆ, ಜಿಲ್ಲಾ ಮಟ್ಟದ ಜಗಳ. ಅಂಥದರಲ್ಲಿ ಒಂದು ಕುರುಕಲು ತಿಂಡಿಯ ಕಂಪನಿಯವರು ಪಾಕೀಟಿನೊಳಗೆ ರಾಕ್ಷಸರ ಕಾರ್ಡು ಹಾಕಿ ಕಳಿಸಿದರು. ಒಂಬತ್ತು ಗ್ರಹ, ಒಂಬತ್ತು ರಾಕ್ಷಸರು. ಬುಧನಿಗೆ ಬೆಳ್ಳಿ ಬಾಲ, ಮಂಗಳನಿಗೆ ಕೆಂಪು ಕೊಂಬು, ಗುರುವಿಗೆ ಗುಡಾಣದಂಥ ಹೊಟ್ಟೆ, ಕುನ್ನಿಯಂಥ ಪ್ಲೂಟೊ. ಭೂಮಿಯ ರಾಕ್ಷಸನಿಗೆ ಮಾತ್ರ ಕೋರೆಹಲ್ಲೂ ಇಲ್ಲ, ಕೊಂಬೂ ಇಲ್ಲ. ಅವನು ಟೈ ಕಟ್ಟಿಕೊಂಡಿದ್ದ. ಪ್ರತಿ ಕಾರ್ಡಿನ ಮೇಲೂ ಬಲ ಇಷ್ಟು, ವೇಗ ಇಷ್ಟು, ಸಿಟ್ಟು ಇಷ್ಟು ಎಂದು ಅಂಕಿ. ಇಬ್ಬರು ಹುಡುಗರು ಒಂದೊಂದು ಕಾರ್ಡು ಎದುರಾಬದುರಾ ಇಟ್ಟು ಆಡುವುದು, ಹೆಚ್ಚು ಬಲದ್ದು ಕಡಿಮೆ ಬಲದ್ದನ್ನು ಒಯ್ಯುವುದು. ಒಂಬತ್ತೂ ಕೂಡಿಸಿ ಅಂಗಡಿಗೆ ತಂದುಕೊಟ್ಟವರಿಗೆ ಒಂದು ಸೈಕಲ್. ಒಂದು ಅಂಗಡಿಗೆ ಒಂದೇ ಸೈಕಲ್.

ಲಕ್ಷ್ಮೇಶ್ವರದಲ್ಲಿ ಅದು ದೇವೇಂದ್ರಪ್ಪನ ಕಿರಾಣಿ ಅಂಗಡಿಯ ತೊಲೆಗೆ ನೇತಾಡುತ್ತಿತ್ತು. ನೀಲಿ ಬಣ್ಣ, ಹಿಂದೆ ಅಗಲ ಕ್ಯಾರಿಯರ್. ಹುಡುಗರು ನೋಡುತ್ತಿದ್ದುದು ಸೈಕಲ್ಲನ್ನು. ತಬಸ್ಸುಮ ನೋಡುತ್ತಿದ್ದುದು ಕ್ಯಾರಿಯರನ್ನು.

ಅವಳ ಕೆಲಸ ಸೀರೆಗೆ ಫಾಲ್ ಹಚ್ಚುವುದು, ಅಂಚು ಕಟ್ಟುವುದು. ಲಕ್ಷ್ಮೇಶ್ವರದ ಕಳಕಪ್ಪನ ಸೀರೆ ಅಂಗಡಿಯಿಂದ ಗಂಟು ತರಬೇಕು, ಮರುದಿನ ಒಯ್ದು ಕೊಡಬೇಕು. ಕಳಕಪ್ಪನ ಕಾನೂನು ಒಂದೇ: ಅಂಗಡಿ ಕದ ತೆಗೆಯುವಾಗ ಯಾರು ಮುಂದೆ ನಿಂತಿರುತ್ತಾರೋ ಅವರಿಗೆ ಗಂಟು. ಯಳವತ್ತಿಯ ಬಸ್ಸಾದರೋ ಸರಕಾರಿ ಬಸ್ಸು. ಹೊರಟಾಗ ಹೊರಡುತ್ತದೆ, ಬಂದಾಗ ಬರುತ್ತದೆ. ಹಿಂದಿನ ಲಗ್ನಸರಾಯಿಯಲ್ಲಿ ಅವಳು ಮುಟ್ಟುವ ಹೊತ್ತಿಗೆ ರೇಷ್ಮೆಯೆಲ್ಲ ಲಕ್ಷ್ಮೇಶ್ವರದ ಹೆಂಗಸರ ಕಂಕುಳಿಗೆ ಹೋಗಿ, ಇವಳಿಗೆ ಪೆಟ್ಟಿಕೋಟಿನ ಲಾಡಿ ಉಳಿದಿದ್ದವು. ಈ ಸಲ ಕಳಕಪ್ಪ ಬಾಯಿ ಬಿಟ್ಟೇ ಹೇಳಿದ್ದ:

"ಸೋಮವಾರದಿಂದ ಲಗ್ನದ ಗಂಟು ಸುರು. ಅವತ್ತ ತಡಾ ಆದ್ರ ತಂಗಿ, ಮುಂದ ಬರೂದ ಬ್ಯಾಡ. ಬಸ್ಸಿನ ಪುರಾಣ ನನಗ ಹೇಳಬ್ಯಾಡ. ನಾ ಸೀರಿ ಮಾರಾಂವ, ಬಸ್ಸು ಬಿಡಾಂವ ಅಲ್ಲ."

ಹೀಗಾಗಿ ಮದುವೆಯ ವಯಸ್ಸು ದಾಟುತ್ತಿದ್ದ ತಬಸ್ಸುಮ ಊರ ಹುಡುಗರ ಜೊತೆ ರಾಕ್ಷಸರ ವ್ಯಾಪಾರಕ್ಕೆ ಇಳಿದಳು. ಗುಂಡಿ ಹಚ್ಚಿ ಹಚ್ಚಿ ಎಂಟು ಗ್ರಹ ಕೂಡಿದವು. ಒಂಬತ್ತನೆಯದು ಊರಲ್ಲಿ ಇತ್ತು, ಆದರೆ ಯಾರ ಕಿಸೆಯಲ್ಲೂ ಇರಲಿಲ್ಲ. ಅದು ಶನಿ.

ಶನಿ ಕಾರ್ಡಿನ ಬಲ ತೊಂಬತ್ತೊಂಬತ್ತು. ಎಲ್ಲರಿಗಿಂತ ದೊಡ್ಡದು. ಮೈತುಂಬ ಕಪ್ಪು ಕೂದಲು, ನಡುವಿಗೆ ಬಳೆ. ಆದರೆ ಗೆದ್ದವನು ಅದನ್ನು ಮನೆಗೆ ಒಯ್ಯಬೇಕಲ್ಲ, ಅಲ್ಲೇ ತೊಡಕು. ಮೊದಲನೆಯ ಶನಿ ಊರಿಗೆ ಬಂದ ದಿನ ಗದಿಗೆವ್ವನ ಎಮ್ಮೆ ಒದ್ದು ಹಾಲಿನ ಚರಿಗೆ ಉರುಳಿಸಿತು. ಗದಿಗೆವ್ವ ಊರಿಗೆಲ್ಲ ಹಿರಿಯಳು, ಅವಳ ಎಮ್ಮೆ ಊರಿಗೆಲ್ಲ ಪಂಚಾಂಗ. ಅವತ್ತಿನಿಂದ ಯಾರ ಪಾಕೀಟಿನಲ್ಲಿ ಶನಿ ಬಂದರೂ ತಾಯಂದಿರು ಚಿಮಟಿಗೆಯಲ್ಲಿ ಹಿಡಿದು ಗದಿಗೆವ್ವನ ಕಟ್ಟೆಯ ಮೇಲೆ ಇಟ್ಟು ಹೋಗತೊಡಗಿದರು. ಅವಳು ಅವನ್ನು ಎಳ್ಳಿನ ಜೊತೆ ಒಂದು ಕಬ್ಬಿಣದ ಡಬ್ಬಿಗೆ ಹಾಕಿ, ಅಮಾವಾಸ್ಯೆಗೆ ಹೊಳೆಗೆ ಬಿಡುವುದೆಂದು ಮುಚ್ಚಿಟ್ಟಳು. ತಬಸ್ಸುಮಳ ತಾಯಿ ರಹಿಮತಬಿ ಕೂಡ ಒಂದನ್ನು ಹಾಗೇ ಕೊಟ್ಟು ಬಂದಿದ್ದಳು.

"ಅಮ್ಮಾ, ನಮಗ್ಯಾಕ ಶನಿ? ನಾವು ಮುಸಲ್ಮಾನ್ರು," ಎಂದು ಮಗಳು ಕೂಗಾಡಿದಾಗ ಅವಳು ತಣ್ಣಗೆ ಹೇಳಿದ್ದಳು:

"ಓಣಿಗೆ ಬಂದ ಶನಿ ಮನೀ ಮುಂದ ನಿಂತು ಜಾತಿ ಕೇಳತೈತೇನು?"

ಈ ಡಬ್ಬಿಯ ಮಹಿಮೆಯಿಂದ ಹೆಚ್ಚು ನೊಂದವನು ಗದಿಗೆವ್ವನ ಮೊಮ್ಮಗ ಕೊಟ್ರೇಶ. ಅವನಿಗೆ ಮೀಸೆ ಬಂದಿತ್ತು, ಕೆಲಸ ಬಂದಿರಲಿಲ್ಲ. ಸೈಕಲ್ ಬಂದರೆ ಲಕ್ಷ್ಮೇಶ್ವರಕ್ಕೆ ಹಾಲು ಒಯ್ಯುತ್ತೇನೆಂದು ಅಜ್ಜಿಗೂ, ಕಾಲೇಜಿನ ಮುಂದೆ ಸುತ್ತು ಹಾಕುತ್ತೇನೆಂದು ಗೆಳೆಯರಿಗೂ ಹೇಳಿದ್ದ. ತಬಸ್ಸುಮ ಹೊಲಿದು ಕೂಡಿಸಿದ್ದನ್ನು ಅವನು ತಿಂದು ಕೂಡಿಸಿದ್ದ, ಅವನದೂ ಎಂಟಾಗಿತ್ತು. ಒಂದೇ ಸೂರಿನಡಿ ಡಬ್ಬಿ ತುಂಬ ಶನಿ ಇದ್ದರೂ ಅವನಿಗೆ ಒಂದು ದಕ್ಕಲಿಲ್ಲ. "ಡಬ್ಬಿ ಮುಟ್ಟಿದ್ರ ಕೈ ಸೇದಿ ಹೋಗತೈತಿ, ಮತ್ತ ಮ್ಯಾಲ ಏಳೂದಿಲ್ಲ" ಎಂದು ಅಜ್ಜಿ ಹೇಳಿದ್ದಳು. ಅವನು ನಗುತ್ತಿದ್ದ, ಆದರೆ ಮುಟ್ಟುತ್ತಿರಲಿಲ್ಲ.

ಶನಿವಾರ ಸಂಜೆ ಕಂಪನಿಯ ವ್ಯಾನು ಬರುತ್ತದೆ, ಅಲ್ಲಿಗೆ ಕೊಡುಗೆ ಬಂದ್. ಸೈಕಲ್ ಯಾರಿಗೂ ಹೋಗದಿದ್ದರೆ ವ್ಯಾನಿಗೇ ಹೋಗುತ್ತದೆ.

ಶುಕ್ರವಾರ ಮಧ್ಯಾಹ್ನ ಗದಿಗೆವ್ವ ತಾನಾಗಿಯೇ ತಬಸ್ಸುಮಳ ಕಟ್ಟೆಗೆ ಬಂದಳು. ಒಂದು ಕೈಯಲ್ಲಿ ಕಪ್ಪು ಅರಿವೆ, ಇನ್ನೊಂದು ಕೈಯಲ್ಲಿ ಡಬ್ಬಿ.

"ಇದಕೊಂದು ಚೀಲಾ ಹೊಲದ ಕೊಡು ಮಗಳ. ಬಾಯಿ ಬಿಗೀ ಇರಬೇಕು. ಹೊಳಿಯಾಗ ಒಂದೂ ತೇಲಿ ಬರಬಾರದು."

ಡಬ್ಬಿ ಅಲ್ಲಾಡಿತು. ಒಳಗೆ ಎಳ್ಳಿನ ಜೊತೆ ಕಾರ್ಡುಗಳು ಸರಬರ ಸದ್ದು ಮಾಡಿದವು. ತಬಸ್ಸುಮಳ ಕಾಲು ಮಷಿನ್ನಿನ ಮೆಟ್ಟಿನ ಮೇಲೆ ಹಾಗೇ ನಿಂತಿತು.

"ಕೂಲಿ ಏನ್ ಕೊಡತೀರಿ ಆಯಿ?"

"ಕೊಡತೀನಿ. ಶನಿದೇವರ ಕೆಲಸಾ ಬಿಟ್ಟಿ ಮಾಡಿಸ್ಕೊಬಾರದು. ಜ್ವಾಳಾ ಬೇಕೋ, ಬೆಣ್ಣಿ ಬೇಕೋ?"

"ಡಬ್ಬ್ಯಾಗಿಂದ ಒಂದು ಕಾರ್ಡ್ ಕೊಡ್ರಿ."

ಗದಿಗೆವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ಹುಚ್ಚಿ ಅದೀಯೇನು? ಮಂದಿ ಮಕ್ಕಳಿಗೆ ಶನಿ ದಾಟಿಸಿದ ಪಾಪ ನನಗ್ಯಾಕ?"

"ನೀವು ದಾಟಸಾಕತ್ತಿಲ್ರಿ, ನಾ ದುಡದು ತಗೊಳ್ಳಾಕತ್ತೀನಿ. ದುಡದವರ ಕೂಲಿ ಹಿಡಕೊಂಡ್ರ ಶನಿದೇವರು ಯಾರನ್ನ ಹಿಡೀತಾನಂತ ನೀವ ಹೇಳ್ರಿ. ನನ್ನನ್ನೋ, ನಿಮ್ಮನ್ನೋ?"

ಮುದುಕಿ ಡಬ್ಬಿಯ ಮುಚ್ಚಳವನ್ನು ಇನ್ನಷ್ಟು ಬಿಗಿದಳು. ಶನಿ ನ್ಯಾಯದ ದೇವರೆಂದೂ, ಕೂಲಿಯವರ ಬೆವರಿಗೆ ಅವನೇ ವಕೀಲನೆಂದೂ ಊರಿಗೆಲ್ಲ ಹೇಳಿಕೊಟ್ಟವಳು ಅವಳೇ. ತನ್ನ ದೇವರನ್ನೇ ತನ್ನ ಮೇಲೆ ಬಿಟ್ಟರೆ ಏನು ಮಾಡಬೇಕು?

"ಮದಲ ಹೊಲಿ," ಅಂದಳು.

ತಬಸ್ಸುಮ ಹೊಲಿದಳು. ಜೀವಮಾನದಲ್ಲೇ ಅಷ್ಟು ಗಟ್ಟಿಯಾಗಿ ಏನನ್ನೂ ಹೊಲಿದಿರಲಿಲ್ಲ. ಗದಿಗೆವ್ವ ಹೊಲಿಗೆಯನ್ನು ಎಳೆದು ನೋಡಿದಳು, ಡಬ್ಬಿ ತೆಗೆದಳು, ಒಂದು ಕಾರ್ಡು ಆರಿಸಿ ಎಳ್ಳು ಕೊಡವಿದಳು. ಆದರೆ ಕೈಗೆ ಕೊಡಲಿಲ್ಲ. ನಮ್ಮ ಕಡೆ ಉಪ್ಪನ್ನೇ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಆಗುತ್ತದಂತೆ. ಇನ್ನು ಶನಿಯನ್ನು ಕೊಡುತ್ತಾರೆಯೇ? ನೆಲಕ್ಕಿಟ್ಟು ಹಿಂದೆ ಸರಿದಳು.

"ಕೇಳು ಮಗಳ. ಇಟ್ಟವರು ತಿರುಗಿ ಎತ್ತಬಾರದು. ಯಾರು ಎತ್ತತಾರೋ ಅವರಿಗೆ ಹ್ವಾದಂಗ. ಬ್ಯಾಡಂದ್ರ ಈಗ ಬಿಡು."

ಮಾತು ಮುಗಿಯುವ ಮೊದಲೇ ನೆಲ ಖಾಲಿಯಾಗಿತ್ತು.

ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ತಬಸ್ಸುಮ ಹತ್ತಿದಾಗ ಹಿಂದಿನ ಸೀಟಿನಲ್ಲಿ ಕೊಟ್ರೇಶ ಕೂತಿದ್ದ. ಮುಂದಿನ ಸೀಟಿನಲ್ಲಿ ಗದಿಗೆವ್ವ. ಕೂಲಿಯೆಂದು ಬಿಟ್ಟುಕೊಟ್ಟ ಶನಿ ಎಲ್ಲಿ ಹೋಗಿ ಏನು ಮಾಡುತ್ತದೋ ಎಂದು ಅವಳಿಗೆ ನಿದ್ದೆ ಬಂದಿರಲಿಲ್ಲ. ಕಣ್ಣಾರೆ ಕಂಪನಿಗೆ ಹೋದದ್ದನ್ನು ನೋಡಿಯೇ ಬರುವುದೆಂದು ಹೊರಟಿದ್ದಳು.

ಕೊಟ್ರೇಶ ಕಂಬಿ ಹಿಡಿದು ಬಗ್ಗಿದ. "ತಬಸ್ಸುಮಕ್ಕಾ, ನಿನ್ನ ಕಡೆ ಶನಿ ಐತಂತ?"

"ಎಲ್ಲಾರ ಕಡೇನೂ ಇರತಾನಪಾ. ನಂದು ಕಣ್ಣಿಗೆ ಕಾಣತೈತಿ, ಅಷ್ಟ."

"ನನಗ ಕೊಡು. ಸೈಕಲ್ ನಾ ಹೊಡೀತೀನಿ, ನಿನ್ನ ಗಂಟು ನಾನ ತಂದು ಕೊಡತೀನಿ."

"ಹೊತ್ತು ಏರಿದ ಮ್ಯಾಲ ಏಳೂ ಮಗ ನೀನು. ನಿನಕಿಂತಾ ಈ ಬಸ್ ಪಾಡ ಐತಿ."

"ಆತು ಹಂಗಾರ," ಎಂದು ಅವನು ಎದೆಯ ಕಿಸೆ ತಟ್ಟಿಕೊಂಡ. "ಅಂಗಡ್ಯಾಗ ಇನ್ನೂ ಪಾಕೀಟ ಅದಾವು. ವ್ಯಾನ್ ಬರೂತನಕಾ ಹರೀತೀನಿ. ಒಂದರಾಗರೆ ಅಂವ ಇದ್ದ ಇರತಾನ."

ಬಸ್ಸು ಅವತ್ತೂ ತನ್ನ ಧರ್ಮ ಬಿಡಲಿಲ್ಲ. ನಡುದಾರಿಯಲ್ಲಿ ನಿಂತಿತು, ಕೆಮ್ಮಿತು, ಕಂಡಕ್ಟರ್ ಇಳಿದು ಎಲೆಯಡಿಕೆ ಹಾಕಿಕೊಂಡು ಬಂದ. ತಬಸ್ಸುಮ ಸೆರಗಿನ ಗಂಟಿನಲ್ಲಿದ್ದ ಒಂಬತ್ತು ಕಾರ್ಡನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಲಕ್ಷ್ಮೇಶ್ವರ ಮುಟ್ಟಿದಾಗ ಬಿಸಿಲು ಹಳದಿಯಾಗಿತ್ತು. ವ್ಯಾನು ಬಂದು ಹೋಯಿತೋ ಏನೋ ಎಂದು ಅವಳು ಓಡುತ್ತಲೇ ಹೋದಳು. ಸೈಕಲ್ ತೊಲೆಗೆ ಇನ್ನೂ ನೇತಾಡುತ್ತಿತ್ತು.

ದೇವೇಂದ್ರಪ್ಪ ಗಲ್ಲೆಯ ಹಿಂದೆ ಕೂತಿದ್ದ. ಹಣೆಗೆ ವಿಭೂತಿ, ಬೆರಳಿಗೆ ಕುದುರೆ ಲಾಳದ ಕಪ್ಪು ಉಂಗುರ. ಪ್ರತಿ ಕಾರ್ಡನ್ನೂ ನೋಡಿ ಹಿಂಬದಿಗೆ ಅಂಗಡಿಯ ಶಿಕ್ಕಾ ಒತ್ತಬೇಕು, ಶಿಕ್ಕಾ ಬಿದ್ದ ಒಂಬತ್ತಿದ್ದರೇ ಕಂಪನಿಗೆ ನಡೆಯುವುದು.

"ಬಾ ತಂಗಿ, ಬಾ. ತಾ ನೋಡೂಣು."

ಬುಧ, ಟಪ್ಪ. ಶುಕ್ರ, ಟಪ್ಪ. ಟೈ ಕಟ್ಟಿದ ಭೂಮಿ, ಟಪ್ಪ. ಮಂಗಳ, ಟಪ್ಪ. ಅಂಗಡಿಯ ಮೂಲೆಯಲ್ಲಿ ಕೊಟ್ರೇಶ ಪಾಕೀಟು ಹರಿಯುತ್ತಿದ್ದ, ಚರ್ರ್. "ಮಂಗಳ!" ಎಂದು ಬೈದುಕೊಂಡು ಒಗೆದ. ಗುರು, ಟಪ್ಪ. ಚರ್ರ್. "ಮತ್ತ ಪ್ಲೂಟೊ! ಈ ಕುನ್ನೀನ ಯಾರು ಸಾಕ್ಯಾರಲೇ?" ಕುರುಕಲು ತಿನ್ನಲು ಓಣಿಯ ಹುಡುಗರು ಅವನನ್ನು ಸುತ್ತುವರಿದಿದ್ದರು. ಯುರೇನಸ್, ಟಪ್ಪ. ನೆಪ್ಚೂನ್, ಟಪ್ಪ. ಪ್ಲೂಟೊ, ಟಪ್ಪ.

ತಬಸ್ಸುಮ ಒಂಬತ್ತನೆಯದನ್ನು ಚಾಚಿದಳು.

ದೇವೇಂದ್ರಪ್ಪನ ಕೈ ಗಾಳಿಯಲ್ಲೇ ನಿಂತಿತು. ನಿಧಾನಕ್ಕೆ ಹಿಂದೆ ಹೋಗಿ ತೊಡೆಯ ಕೆಳಗೆ ಸೇರಿಕೊಂಡಿತು.

"ಇವತ್ತ ಯಾವ ವಾರ?"

"ಶನಿವಾರ್ರಿ."

"ನನಗ ಸಾಡೇಸಾತಿ ನಡದೈತಿ. ಏಳೂವರಿ ವರ್ಷದ ಕಾಟ, ಈಗ ನಟ್ಟನಡುವ ಅದೀನಿ. ಶನಿವಾರ ದಿವಸ ಶನೀನ ಕೈಯಾಗ ತಗೋ ಅಂತೀಯಲ್ಲ, ನನ್ನ ಮ್ಯಾಲ ಏನು ಸಿಟ್ಟು ನಿನಗ?"

"ಇದು ಕಾರ್ಡರೀ ಸಾವ್ಕಾರ್ರ."

"ಕಾರ್ಡ ಅಂತ ನಿನಗ ಗೊತ್ತು. ಅವಂಗ ಗೊತ್ತೈತೇನು?"

"ಹಂಗಾರ ನಾನ ಹಿಡೀತೀನಿ, ನೀವು ಶಿಕ್ಕಾ ಹೊಡೀರಿ."

"ಶಿಕ್ಕಾ ನನ್ನ ಕೈ, ಕಾರ್ಡ ನಿನ್ನ ಕೈ. ಕೈಯಿಂದ ಕೈಗೆ ಕೊಟ್ಟಂಗ ಆತು. ಒಲ್ಲೆ."

"ಗಲ್ಲೆ ಮ್ಯಾಲ ಇಡ್ಲೇನ್ರಿ?"

"ಏ ಏ! ಗಲ್ಲೆಯಾಗ ಲಕ್ಷ್ಮಿ ಕುಂತಾಳ. ನೆಲಕ್ಕ ಇಡು. ಏನರೆ ಮಾಡೂಣು."

ದೂರದಲ್ಲಿ, ಬಜಾರದ ತಿರುವಿನಲ್ಲಿ, ವ್ಯಾನಿನ ಹಾರ್ನ್ ಕೇಳಿಸಿತು. ಅದೇ ಅವಳನ್ನು ಅವಸರ ಮಾಡಿಸಿದ್ದು. ಹಿಂದೆ ಮುಂದೆ ನೋಡದೆ ಅವಳು ಕಾರ್ಡನ್ನು ಕರಿ ಕಲ್ಲಿನ ನೆಲದ ಮೇಲೆ ಇಟ್ಟುಬಿಟ್ಟಳು.

ಇಟ್ಟ ಕೂಡಲೇ ಮೂಲೆಯ ಚರ್ರ್ ನಿಂತಿತು.

ಕೊಟ್ರೇಶ ಎದ್ದು ನಿಂತಿದ್ದ. ಬಾಗಿಲಲ್ಲಿ ಆಗಷ್ಟೇ ಏದುಸಿರು ಬಿಡುತ್ತ ಬಂದು ನಿಂತ ಅಜ್ಜಿಯನ್ನು ನೋಡದೆ, ಕಾರ್ಡನ್ನೇ ನೋಡುತ್ತ ಕೇಳಿದ:

"ಆಯಿ, ಇಟ್ಟದ್ದು ಎತ್ತಿದವರಿಗೆ ಹ್ವಾದಂಗ. ನಿಂದ ಮಾತು. ಹೌದಿಲ್ಲೋ?"

ತಬಸ್ಸುಮಳಿಗೆ ಆಗ ತಿಳಿಯಿತು. ಬಗ್ಗಿ ಕೈ ಚಾಚಿದಳು.

"ಮುಟ್ಟಬ್ಯಾಡ!" ದೇವೇಂದ್ರಪ್ಪ ಗಲ್ಲೆ ಗುದ್ದಿದ. "ಇಟ್ಟವರು ಎತ್ತಬಾರದು. ಎತ್ತಿದಿ ಅಂದ್ರ ಅದು ನನ್ನ ಅಂಗಡ್ಯಾಗ ಚೆಲ್ಲಿ ಹ್ವಾದಂಗ. ಹೊಡದ ಎಂಟು ಶಿಕ್ಕಾನೂ ಕಾಟ ಹೊಡೀತೀನಿ."

ಅವಳ ಬೆರಳು ಕಾರ್ಡಿನಿಂದ ಗೇಣು ದೂರದಲ್ಲಿ ನಿಂತಿತು. ಕೈ ಹಿಂದೆ ತೆಗೆದುಕೊಂಡಳು.

ಈಗ ನಡುವೆ ಒಂದು ಕಾರ್ಡು. ಈ ಕಡೆ ಎತ್ತಬಾರದವಳು, ಆ ಕಡೆ ಎತ್ತಬಲ್ಲವನು. ಗಲ್ಲೆಯ ಹಿಂದೆ ಎತ್ತಲು ಒಲ್ಲದವನು. ಕೊಟ್ರೇಶನ ಕಿಸೆಯಲ್ಲಿ ಎಂಟು ಗ್ರಹ ಕಾದು ಕೂತಿದ್ದವು. ಒಂದು ಸಲ ಬಗ್ಗಿದರೆ ಅವನದೂ ಒಂಬತ್ತು, ಶಿಕ್ಕಾದ ಮಾತು ಆಮೇಲೆ. ಕಂಪನಿಯ ಲೆಕ್ಕದಲ್ಲಿ ಅದು ಕಳವೂ ಅಲ್ಲ, ಊರಿನ ಲೆಕ್ಕದಲ್ಲಿ ತಪ್ಪೂ ಅಲ್ಲ. ಮೇಜಿನ ಮೇಲಿನ ಫ್ಯಾನು ತಿರುಗಿ ಬಂದು ಒಮ್ಮೆ ಊದಿತು. ಕಾರ್ಡು ಮಿಸುಕಿತು. ತಿರುಗಿ ಹೋಗಿ ಮತ್ತೆ ಬಂದು ಊದಿತು. ಕಾರ್ಡು ನುಣ್ಣನೆ ಕಲ್ಲಿನ ಮೇಲೆ ಜಾರಿ ಕೊಟ್ರೇಶನ ಕಾಲ ಹೆಬ್ಬೆರಳಿಗೆ ತಾಗಿ ನಿಂತಿತು.

"ನೋಡ್ರಿ!" ಎಂದು ಒಬ್ಬ ಹುಡುಗ ಪಿಸುಗುಟ್ಟಿದ. "ಹುಡಿಕ್ಯಾಡಿಕೊಂಡು ಬಂತು."

ಕೊಟ್ರೇಶ ಹೆಬ್ಬೆರಳನ್ನು ಹಿಂದೆ ಎಳೆದುಕೊಂಡ. ಅವನ ಬಲಗೈ ತೊಡೆಯ ಮೇಲೆ ಒರೆಸಿಕೊಂಡಿತು, ಕೆಳಗೆ ಇಳಿಯಿತು, ಮೊಣಕಾಲ ಹತ್ತಿರ ನಿಂತಿತು. ಡಬ್ಬಿ ಮುಟ್ಟಿದರೆ ಕೈ ಸೇದಿ ಹೋಗುತ್ತದೆ ಎಂಬ ಅಜ್ಜಿಯ ಮಾತು ಆ ಕೈಯೊಳಗೆ ಇನ್ನೂ ಕೂತಿತ್ತು.

"ಅಕ್ಕಾ, ಸಿಟ್ಟಾಗಬ್ಯಾಡ," ಅಂದ. ಬಗ್ಗಿದ.

ಹಾರ್ನ್ ಇನ್ನೊಮ್ಮೆ ಕೇಳಿತು, ಈ ಸಲ ಓಣಿಯ ಬಾಯಿಯಲ್ಲಿ.

ತಬಸ್ಸುಮಳಿಗೆ ಕೈ ಇರಲಿಲ್ಲ, ನಾಲಿಗೆ ಇತ್ತು. ಅವಳು ಕೊಟ್ರೇಶನ ಜೊತೆ ಮಾತಾಡಲಿಲ್ಲ. ಬಾಗಿಲ ಕಡೆ ತಿರುಗಿದಳು.

"ಆಯಿ, ಸೈಕಲ್ ಎದ್ರಲೆ ಮಾಡಿರತಾರ್ರಿ?"

"ಕಬ್ಬಿಣದಲೆ. ಯಾಕ?"

"ಏನಿಲ್ರಿ. ಶನಿವಾರ ದಿವಸ ನಿಮ್ಮ ಮನ್ಯಾಗ ಕಬ್ಬಿಣಾ ಒಳಗ ತರತಾರೇನಂತ ಕೇಳಿದೆ."

ಗದಿಗೆವ್ವನ ಬಾಯಿ ತೆರೆಯಿತು. ಕಣ್ಣು ತೊಲೆಗೆ ಹೋಯಿತು: ಹ್ಯಾಂಡಲ್, ಸರಪಳಿ, ಕ್ಯಾರಿಯರ್, ತಲೆಯಿಂದ ಬಾಲದವರೆಗೆ ಕಬ್ಬಿಣ. ಅಲ್ಲಿಂದ ಇಳಿದು ಮೊಮ್ಮಗನ ಬಗ್ಗಿದ ಬೆನ್ನಿನ ಮೇಲೆ ಬಂತು.

"ಕೈ ತೆಗೀಯಲೇ ಮಂಗ್ಯಾ!"

"ಆಯಿ, ಸುಮ್ನಿರು..."

"ಶನೀನ ಕೈಯಾಗ ಹಿಡದು, ಶನಿವಾರ, ಕಬ್ಬಿಣದ ಮ್ಯಾಲ ಕುಂತು ನನ್ನ ಹೊಸ್ತಲಾ ದಾಟತೀಯೇನು? ಎಮ್ಮಿ ಗಬ್ಬ ಐತಿ! ನಿಮ್ಮಪ್ಪನ ಕಾಲು ಈಗಷ್ಟ ನೆಟ್ಟಗಾಗೈತಿ! ಕೈ ತೆಗಿ ಅಂದೆ!"

"ನಾಳೆ ಒಳಗ ತರತೀನಿ. ಇವತ್ತ ಇಲ್ಲೇ ಇಡತೀನಿ."

"ವ್ಯಾನ್ ಹ್ವಾದ ಮ್ಯಾಲ ಇಲ್ಲಿ ಯಾರು ಕಾಯತಾರ, ನಿಮ್ಮ ಮುತ್ಯಾ?" ಎಂದು ಮುದುಕಿ ಒಳಗೆ ಬಂದು ಅವನ ಅಂಗಿಯ ಕಾಲರನ್ನೇ ಹಿಡಿದಳು. "ಎತ್ತಿದಿ ಅಂದ್ರ ಮನೀಗೆ ಬರಬ್ಯಾಡ. ಸೈಕಲ್ ಮ್ಯಾಲ ಸಂಸಾರ ಮಾಡು."

ಅವನು ಕೊಸರಿಕೊಂಡ. ಅಂಗಿಯ ಮೇಲಿನ ಗುಂಡಿ ಪಟ್ಟನೆ ಹರಿದು ಕಲ್ಲಿನ ಮೇಲೆ ಪುಟಿಯಿತು. ಕೊಟ್ರೇಶ ನೆಟ್ಟಗಾದ. ತಬಸ್ಸುಮಳನ್ನು ನೋಡಿದ.

"ನೀ ಶನಿಗಿಂತಾ ಪಾಡ ಅದೀ ಅಕ್ಕಾ," ಅಂದ. ಬೈಗುಳವೋ ಹೊಗಳಿಕೆಯೋ ಅವನಿಗೇ ಗೊತ್ತಿರಲಿಲ್ಲ.

ಅವಳು ಗಲ್ಲೆಯ ಕಡೆ ತಿರುಗಿದಳು. ಅರ್ಧ ಕೆಲಸವಷ್ಟೇ ಆಗಿತ್ತು. ಕಾರ್ಡು ಇನ್ನೂ ನೆಲದಲ್ಲೇ ಇತ್ತು, ಹಿಂಬದಿ ಬಿಳಿಯಾಗೇ ಇತ್ತು, ಮತ್ತು ಹೊರಗೆ ವ್ಯಾನು ನಿಂತು ಬಾಗಿಲು ತೆರೆದ ಸದ್ದು ಆಯಿತು. ದೇವೇಂದ್ರಪ್ಪ ಶಿಕ್ಕಾವನ್ನು ಡಬ್ಬಿಯಲ್ಲಿಟ್ಟು ಮುಚ್ಚುತ್ತಿದ್ದ.

"ಸಾವ್ಕಾರ್ರ," ಎಂದಳು. "ಸಾಡೇಸಾತಿ ಇಳೀಲಂತ ಶನಿವಾರಕ್ಕೊಮ್ಮೆ ಏನರೆ ದಾನಾ ಕೊಡಾಕ ಹೇಳ್ಯಾರೇನ್ರಿ ನಿಮಗ?"

"ಹೇಳ್ಯಾರ. ಎಳ್ಳು, ಕರೀ ಅರಿವಿ, ಕಬ್ಬಿಣ."

"ಕಬ್ಬಿಣಾ ಏನ ಕೊಟ್ಟೀರಿ?"

ದೇವೇಂದ್ರಪ್ಪ ಕೆಮ್ಮಿದ. "ಮೊಳಿ."

"ಎಷ್ಟು ದೊಡ್ಡದ್ರಿ?"

"ಕ್ಯಾಲೆಂಡರ್ ಹಾಕೂವಂಥಾದ್ದು."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ತಬಸ್ಸುಮ ನಗಲಿಲ್ಲ. "ಮೊಳಿ ಕೊಟ್ರ ಶನಿ ಮೊಳಿಯಷ್ಟ ಇಳೀತಾನ್ರಿ. ಅಲ್ಲಿ ನೋಡ್ರಿ, ಒಂದು ಇಡೀ ಸೈಕಲ್ ಐತಿ. ಇವತ್ತ ಶನಿವಾರ. ತಗೊಳ್ಳಾಕ ಬಡವಿ ನಾ ನಿಂತೀನಿ. ಕಬ್ಬಿಣಾ ಕಂಪನೀದು, ಕೊಡೂ ಕೈ ನಿಮ್ಮದು. ವ್ಯಾನಿನ್ಯಾಗ ತುಂಬಿ ಕಳಿಸಿದ್ರ ಆ ದಾನಾನೂ ತಿರುಗಿ ಹ್ವಾದಂಗ."

ಪರರ ಗಂಟಿನಲ್ಲಿ ಪುಣ್ಯ ಕಟ್ಟಿಕೊಳ್ಳುವ ಅವಕಾಶ ನಮ್ಮ ವ್ಯಾಪಾರಸ್ಥರಿಗೆ ಸಾಮಾನ್ಯವಾಗಿ ಚುನಾವಣೆಯ ಹೊತ್ತಿಗೆ ಮಾತ್ರ ಸಿಗುತ್ತದೆ. ದೇವೇಂದ್ರಪ್ಪ ಒಮ್ಮೆ ತೊಲೆ ನೋಡಿದ, ಒಮ್ಮೆ ನೆಲ ನೋಡಿದ, ಒಮ್ಮೆ ಬಾಗಿಲು ನೋಡಿದ. ಗಲ್ಲೆಯಿಂದ ಇಳಿದ. ಬಹಳ ವರ್ಷಗಳಿಂದ ಮುಖ ನೋಡಿರದ ಮೊಣಕಾಲುಗಳನ್ನು ಒಂದೊಂದಾಗಿ ಕಲ್ಲಿಗೆ ಊರಿದ. ದೇವರ ಮುಂದಿನ ಊದಿನಕಡ್ಡಿ ಎಳೆದು, ಅದರ ತುದಿಯಿಂದ ಕಾರ್ಡಿನ ಅಂಚನ್ನು ಎಬ್ಬಿಸಿದ. ಕಾರ್ಡು ಅರ್ಧ ಎದ್ದು ಮತ್ತೆ ಬಿತ್ತು.

"ಫ್ಯಾನ್ ಬಂದ ಮಾಡಲೇ!"

ಯಾರೋ ಗುಂಡಿ ಒತ್ತಿದರು. ಇನ್ನೊಮ್ಮೆ ಎಬ್ಬಿಸಿದ. ಕಾರ್ಡು ಮಗ್ಗುಲಾಯಿತು, ನಿಂತಿತು, ಬೆನ್ನು ಮೇಲಾಗಿ ಬಿತ್ತು. ದೇವೇಂದ್ರಪ್ಪ ಕಣ್ಣು ಮುಚ್ಚಿಕೊಂಡು, ತುಟಿಯಲ್ಲಿ ಏನೋ ಜಪಿಸುತ್ತ, ಶಿಕ್ಕಾ ಎತ್ತಿದ.

ಟಪ್ಪ.

ಅದೇ ಗಳಿಗೆಗೆ ವ್ಯಾನಿನ ಮರ್ದಾನಸಾಬ ಒಳಗೆ ಬಂದ. ಗದಗಿನವನು, ಮುಂಜಾನೆಯಿಂದ ಜಿಲ್ಲೆ ಸುತ್ತಿ ಮೈಯೆಲ್ಲ ಧೂಳಾಗಿದ್ದ. ಸಾವ್ಕಾರನೊಬ್ಬ ಊದಿನಕಡ್ಡಿ ಹಿಡಿದು ನೆಲದಲ್ಲಿ ಮೊಣಕಾಲೂರಿದ್ದು, ಊರೇ ಸುತ್ತ ನಿಂತದ್ದು ಅವನಿಗೆ ಅರ್ಥವಾಗಲಿಲ್ಲ.

"ಏನರೆ ಕಳಕೊಂಡ್ರೇನ್ರಿ? ಇದ ಏನು?" ಎಂದವನೇ ಬಗ್ಗಿ ಕಾರ್ಡು ಎತ್ತಿ, ಪ್ಯಾಂಟಿಗೆ ಒರೆಸಿ, ಉಳಿದ ಎಂಟರ ಜೊತೆ ಬಡಿದು ಸರಿಮಾಡಿಕೊಂಡು ಚೀಲಕ್ಕೆ ಹಾಕಿದ. ಅವನ ಕೈ ಸೇದಿ ಹೋಗಲಿಲ್ಲ. ಅದೇ ಕೈಯಿಂದ ಕಿವಿ ಕೆರೆದುಕೊಂಡ.

"ಒಂಬತ್ತೂ ಬಂದಾವಲ್ಲರೀ! ಯಾರ ತಂಗಿ, ನೀನ? ಇಳಸ್ರಿ ಸೈಕಲ್. ಹಾವೇರಿ ಕಡೆ ಹ್ವಾದ ವಾರಾನ ಎಲ್ಲಾ ಖಾಲಿ ಆದುವು. ನಮ್ಮ ಜಿಲ್ಲಾದಾಗ ಏನ ಆಗೈತೋ ಖುದಾಗ ಗೊತ್ತು. ಮುಂಡರಗಿದು ವಾಪಸ್, ಶಿರಹಟ್ಟಿದು ವಾಪಸ್, ಬೆಟಗೇರಿದು ವಾಪಸ್. ಎಲ್ಲಾ ಕಡೆ ಎಂಟು ಗ್ರಹ ಅದಾವಂತ, ಒಂದು ಸಿಗವಲ್ದಂತ. ಕಂಪನಿಯವ್ರು ಒಂಬತ್ತೂ ಸಮಾನ ಹಾಕ್ಯಾರ. ಎಲ್ಲಿ ಹೊಂಟಾವು ಅವು?"

ತೆರೆದ ಬಾಗಿಲಿನಿಂದ ವ್ಯಾನಿನ ಒಳಗು ಕಾಣುತ್ತಿತ್ತು. ಒಂದರ ಮೇಲೊಂದು ಒರಗಿದ ನೀಲಿ ಸೈಕಲ್‌ಗಳು. ಕೊಟ್ರೇಶ ಅವುಗಳನ್ನು ನೋಡಿದ, ಆಮೇಲೆ ಅಜ್ಜಿಯನ್ನು ನೋಡಿದ. ಗದಿಗೆವ್ವ ಜೀವನದಲ್ಲಿ ಮೊದಲ ಸಲ ತನ್ನ ಕಾಲ ಉಂಗುರವನ್ನು ಅಷ್ಟು ಗಮನಕೊಟ್ಟು ನೋಡಿಕೊಂಡಳು.

ಸೈಕಲ್ ಇಳಿಯಿತು. ದೇವೇಂದ್ರಪ್ಪ ಎರಡೂ ಕೈಯಿಂದ ಮುಟ್ಟಿ, ದಾನದ ಮಂತ್ರದ ಹಾಗೆ ಏನೋ ಗೊಣಗಿ, ತಬಸ್ಸುಮಳ ಕಡೆ ತಳ್ಳಿದ.

"ಸಾವ್ಕಾರನ ಶನಿ ನಿನಗ ದಾಟತೈತಿ ನೋಡು," ಎಂದು ಗದಿಗೆವ್ವ ಕೊನೆಯ ಎಚ್ಚರಿಕೆ ಕೊಟ್ಟಳು.

"ದಾಟಲಿ ಆಯಿ. ಬಸ್ಸಿನಕಿಂತಾ ಲಗೂನ ದಾಟಿದ್ರ ಸಾಕು."

ಹೊರಗೆ ಬಂದ ಮೇಲೆಯೇ ಅವಳಿಗೆ ನೆನಪಾದದ್ದು: ತನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಹ್ಯಾಂಡಲ್ ಹಿಡಿದು ಬಜಾರದ ನಡುವೆ ನಿಂತಳು. ಸೈಕಲ್ ಒಂದು ಕಡೆ ಎಳೆಯಿತು, ಅವಳು ಒಂದು ಕಡೆ ಎಳೆದಳು. ಕೊಟ್ರೇಶ ಸ್ವಲ್ಪ ದೂರದಲ್ಲಿ ಕಾಲರು ಸರಿಮಾಡಿಕೊಳ್ಳುತ್ತ ನಿಂತಿದ್ದ. ಅವನ ಎದೆ ತೆರೆದುಕೊಂಡಿತ್ತು.

"ಏ ಕೊಟ್ರ್ಯಾ, ಹರಿದ ಗುಂಡಿ ಎಲ್ಲೈತಿ?"

ಅವನು ಮುಷ್ಟಿ ಬಿಚ್ಚಿ ತೋರಿಸಿದ.

"ಹಚ್ಚಿ ಕೊಡತೀನಿ. ಗ್ರಹ ಬ್ಯಾಡ. ನಾಳೆ ಒಂದ ದಿನ ಕ್ಯಾರಿಯರ್ ಹಿಡದು ಕಲಿಸು."

"ಒಂದ ದಿನದಾಗ?"

"ಸೋಮವಾರ ಕಳಕಪ್ಪ ಕದಾ ತೆಗೀತಾನ. ಒಂದ ದಿನ ಐತಿ."

ಕೊಟ್ರೇಶ ಬಸ್ ಸ್ಟ್ಯಾಂಡಿನ ಕಡೆ ಹೋಗುತ್ತಿದ್ದ ಅಜ್ಜಿಯ ಬೆನ್ನು ನೋಡಿದ, ಸೈಕಲ್ ನೋಡಿದ. "ಹತ್ತು," ಅಂದ. "ಊರ ಅಗಸೀ ಬಾಗಲತನಕಾ ನಾ ಹೊಡೀತೀನಿ. ಆಮ್ಯಾಲ ನೀ ನೂಕ್ಕೊಂಡು ಹೋಗು. ನನ್ನ ಮನೀಗಂತೂ ಕಬ್ಬಿಣಾ ಒಯ್ಯಾಕತ್ತಿಲ್ಲಲ್ಲ."

ಭಾನುವಾರ ಇಡೀ ದಿನ ಯಳವತ್ತಿಯ ಕಣದಲ್ಲಿ ಬೀಳುವ ಸದ್ದು ಕೇಳಿಸಿತು. ಗುಂಡಿ ಹಚ್ಚಿಸಿಕೊಂಡಿದ್ದ ಹುಡುಗರೆಲ್ಲ ಕಣದ ಸುತ್ತ ಕೂತು, ಅವಳು ಬಿದ್ದಾಗಲೆಲ್ಲ ಯಾವ ಗ್ರಹ ಹಿಡಿಯಿತೆಂದು ಹೇಳುತ್ತಿದ್ದರು. ರಹಿಮತಬಿ ಅರಿಷಿಣದ ಬಟ್ಟಲು ಹಿಡಿದುಕೊಂಡೇ ನಿಂತಿದ್ದಳು.

ಸೋಮವಾರ ಕಳಕಪ್ಪ ಅಂಗಡಿಗೆ ಬಂದಾಗ ಇನ್ನೂ ಎಳೆಬಿಸಿಲು. ಕಟ್ಟೆಗೆ ಒಂದು ನೀಲಿ ಸೈಕಲ್ ಒರಗಿತ್ತು, ಹ್ಯಾಂಡಲ್ ಕೊಂಚ ಎಡಕ್ಕೆ ತಿರುಗಿತ್ತು. ಅದರ ಪಕ್ಕ ತಬಸ್ಸುಮ, ಮೊಣಕೈಗೆ ಅರಿಷಿಣದ ಪಟ್ಟಿ, ಸೆರಗಿನ ತುಂಬ ಧೂಳು. ಅವಳ ಹಿಂದೆ ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಕಳಕಪ್ಪ ಕೀಲಿ ಹಿಡಿದುಕೊಂಡು ಅವಳನ್ನೂ ಸೈಕಲ್ಲನ್ನೂ ಒಂದಾದ ಮೇಲೊಂದು ನೋಡಿದ.

"ಇದೇನ ತಂಗಿ, ಬಸ್ ಇಷ್ಟ ಲಗೂನ ಬಂತು?"

"ಇಲ್ರಿ," ಎಂದು ಅವಳು ಕ್ಯಾರಿಯರ್ ಕಡೆ ಸರಿದು ಜಾಗ ಮಾಡಿದಳು. "ಅದು ನನ್ನ ಹಿಂದ ಬರಾಕತ್ತೈತ್ರಿ."